ಪಾಠಕ್ಕುಂಟು, ಲೆಕ್ಕಕ್ಕಿಲ್ಲ

2023ರ ಮೇ 8ನೇ ತಾರೀಖು ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ನಮ್ಮ ಚಿತ್ರದುರ್ಗ ಜಿಲ್ಲೆ ಇಡೀ ರಾಜ್ಯಕ್ಕೇ ಮೊದಲು ಬಂತು. ನೂರಕ್ಕೆ 96.80. ಮಂಡ್ಯ, ಹಾಸನಗಳನ್ನು ಕೂದಲೆಳೆಯಷ್ಟರಲ್ಲಿ ಹಿಂದಕ್ಕೆ ಹಾಕಿತ್ತು. ಬರಗಾಲದ ಜಿಲ್ಲೆ, ಹಿಂದುಳಿದ ಜಿಲ್ಲೆ ಅಂತಲೇ ಕರೆಸಿಕೊಂಡು ಬಂದ ನಾವು ಅವತ್ತು ಖುಷಿಪಟ್ಟಿದ್ದು ನಿಜ, ಸುಳ್ಳು ಯಾಕೆ ಹೇಳೋಣ. ಹಿರಿಯೂರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಪೇಪರು ಕೈಯಿಂದ ಕೈಗೆ ಹೋಗ್ತಾ ಇತ್ತು. ಓದು ಬಾರದ ಹಿರಿಯರೂ ಪೇಪರು ಹಿಡಿದು ನೋಡಿ, 'ನಮ್ಮ ದುರ್ಗಾನಾ?' ಅಂತ ಕೇಳಿದರು.

ಮಾರನೇ ವರ್ಷ 2024ರ ಮೇ 9ಕ್ಕೆ ಅದೇ ಜಿಲ್ಲೆ 21ನೇ ಸ್ಥಾನಕ್ಕೆ ಬಂದು ಕೂತಿತ್ತು. ನೂರಕ್ಕೆ 72.85. ರಾಜ್ಯದ ಲೆಕ್ಕವೇ 83.89ರಿಂದ 73.40ಕ್ಕೆ ಇಳಿದಿತ್ತು. ಅದೂ ಕೃಪಾಂಕವನ್ನು ನೂರಕ್ಕೆ 10ರಿಂದ 20ಕ್ಕೆ ಏರಿಸಿ, ಕೃಪಾಂಕ ಪಡೆಯೋಕೆ ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿದ ಮೇಲೆ! ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದಿತ್ತು, ಕಚೇರಿಯಲ್ಲಿ ಕೂತವರು ಕೊಠಡಿಯನ್ನು ನೋಡ್ತಾ ಇದ್ದರು. ಒಂದೇ ವರ್ಷದಲ್ಲಿ ನಮ್ಮ ಮಕ್ಕಳ ತಲೆ ಕೆಟ್ಟುಹೋಯಿತೇ? ಹೋದ ವರ್ಷ ಜಾಣರಾಗಿದ್ದವರ ತಮ್ಮಂದಿರು ಈ ವರ್ಷ ದಡ್ಡರಾದರೇ? ಮಕ್ಕಳನ್ನು ಕಳ್ಳರು ಅನ್ನೋಕೆ ನಾವು ತಯಾರಿಲ್ಲ. ಅಳೆಯೋ ಕೋಲು ಬದಲಾಯಿತು, ಅಷ್ಟೆ. ಈ ಕೋಲಿನ ಚರಿತ್ರೆಯನ್ನು, ಅದು ಯಾರನ್ನು ಅಳೆಯಿತು, ಯಾರನ್ನು ಅಳೆಯದೇ ಬಿಟ್ಟಿತು ಅನ್ನೋದನ್ನು ನಮ್ಮ ನಾಲ್ಕು ತಾಲ್ಲೂಕುಗಳ ಕಡೆಯಿಂದ ಸ್ವಲ್ಪ ನೋಡಬೇಕು ಅನ್ನಿಸಿತು.

ಅನ್ನಿಸೋದಕ್ಕೆ ಕಾರಣವೂ ಒಂದಿದೆ. ಹೊಸದುರ್ಗದ ಕಡೆ ಒಂದು ಹಳ್ಳಿ. ಊರಿನ, ಶಾಲೆಯ ಹೆಸರು ಬೇಡ. ಮಾದಿಗರ ಕೇರಿಯ ಒಬ್ಬ ಹುಡುಗಿ, ಹುಟ್ಟು ಕಿವುಡಿ, ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೂ ಕೊನೇ ಬೆಂಚಿನಲ್ಲಿ ಕೂತು ಬಂದಿದ್ದಾಳೆ. ಹಾಜರಿ ಪೂರ್ತಿ ಇದೆ. ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಗುಂಡಗೆ ನೋಟುಬುಕ್ಕಿಗೆ ಇಳಿಸಿದ್ದಾಳೆ. ಪರೀಕ್ಷೆಗೆ ಕೂರುವವರ ನಾಮಿನಲ್ ರೋಲು ಕಳಿಸೋ ಹೊತ್ತಿಗೆ ಆಕೆಯ ಹೆಸರಿಲ್ಲ. ಕೇಳಿದ್ದಕ್ಕೆ ಹೆಡ್‌ಮಾಸ್ಟರು, 'ಪಾಪ, ಆ ಹುಡುಗಿಗೆ ಯಾಕೆ ಸುಮ್ನೆ ಕಷ್ಟ. ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಲಿ ಬಿಡಿ' ಅಂದರು. ಮನುಷ್ಯ ಕೆಟ್ಟವರಲ್ಲ. ಆ 'ಪಾಪ' ಅನ್ನೋ ಮಾತೂ ನಾಟಕದ್ದಲ್ಲ. ಆದರೆ ಹುಡುಗಿಯ ತಾಯಿ ಶಾಲೆಯ ಜಗಲಿ ಮೇಲೆ ನಿಂತು ಕೇಳಿದ ಮಾತು ನಮ್ಮ ಕಿವಿಯಲ್ಲಿ ಹಾಗೇ ಇದೆ: 'ಹತ್ತು ವರ್ಸ ಬಂದೈತಲ್ಲ ಸಾ ನನ್ ಮಗ್ಳು. ಪಾಟಕ್ಕಾದ್ರೆ ಬೇಕು, ಲೆಕ್ಕಕ್ಕೆ ಬ್ಯಾಡ್ವಾ?'

ಆ ತಾಯಿ ಕೇಳಿದ ಲೆಕ್ಕ ಏನು ಅಂತ ಗಣಿತ ಬಲ್ಲ ಮೇಷ್ಟ್ರುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಶಾಲೆಯಲ್ಲಿ ನಲವತ್ತು ಮಕ್ಕಳು, ಅದರಲ್ಲಿ ಮೂವತ್ತು ಪಾಸು ಅನ್ನಿ. ನೂರಕ್ಕೆ 75. ಪಾಸಾಗೋದು ಅನುಮಾನ ಅನ್ನಿಸಿದ ನಾಲ್ಕು ಮಕ್ಕಳನ್ನು ಪರೀಕ್ಷೆಗೇ ಕೂರಿಸದಿದ್ದರೆ ಮೂವತ್ತಾರಕ್ಕೆ ಮೂವತ್ತು, ನೂರಕ್ಕೆ 83. ಒಂದು ಪಾಠ ಹೆಚ್ಚಿಗೆ ಹೇಳಿಕೊಡಲಿಲ್ಲ, ಒಂದು ಮಗು ಹೆಚ್ಚಿಗೆ ಕಲಿಯಲಿಲ್ಲ. ಶೇಕಡಾವಾರು ಮಾತ್ರ ಎಂಟು ಅಂಕ ಮೇಲೆ ಏರಿತು. ಕೂತವರ ಪೈಕಿ ಪಾಸಾದವರೆಷ್ಟು ಅಂತ ಎಣಿಸೋ ಪದ್ಧತಿ ಇರುವ ತನಕ, ಜಿಲ್ಲೆಗೆ ರ‍್ಯಾಂಕು ಕೊಟ್ಟು ಮೇಷ್ಟ್ರ ತಲೆ ಮೇಲೆ ನೋಟೀಸು ತೂಗುಹಾಕುವ ತನಕ ಈ ಆಸೆ ಹುಟ್ಟುತ್ತಲೇ ಇರುತ್ತದೆ. ಹಾಗೆ ಬಿಟ್ಟುಹೋಗುವ ನಾಲ್ಕು ಮಕ್ಕಳು ಯಾರ ಮನೆಯವರು? ಗೌಡರ ಮಗನೇ, ಶಾನುಭೋಗರ ಮಗಳೇ?

ಈ ಲೆಕ್ಕದ ರಾಜಕೀಯ ಇವತ್ತಿನದಲ್ಲ. ನಾವು ಹಳೇ ಮೈಸೂರು ಸಂಸ್ಥಾನದ ಸೀಮೆಯವರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1918ರಲ್ಲಿ ಚೀಫ್ ಜಡ್ಜ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಯ ಕೈಯಲ್ಲಿದೆ ಅನ್ನೋ ಕೂಗು ಎದ್ದಿದ್ದಕ್ಕೆ ಹುಟ್ಟಿದ ಸಮಿತಿ ಅದು. 1919ರಲ್ಲಿ ವರದಿ ಕೊಟ್ಟಿತು. ಬ್ರಾಹ್ಮಣೇತರರಿಗೆ ಓದಿನಲ್ಲಿ, ನೌಕರಿಯಲ್ಲಿ ಆದ್ಯತೆ ಸಿಕ್ಕಿದ್ದು ಇದರ ಫಲ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಿದ್ದರ ಹಿಂದೆಯೂ ಈ ವಿಚಾರವೇ ಇತ್ತು ಅನ್ನೋದು ಎಲ್ಲರಿಗೂ ಗೊತ್ತಿರೋ ಸಂಗತಿ. ನಮಗೆ ಇಲ್ಲಿ ಬೇಕಾಗಿರೋದು ಬೇರೆ. ಹಿಂದುಳಿದ ಕೋಮು ಅಂದರೆ ಯಾವುದು ಅಂತ ಅವತ್ತು ಗುರುತು ಹಾಕಿದ್ದು ಹೇಗೆ? ಯಾವ ಕೋಮಿನಲ್ಲಿ ಇಂಗ್ಲಿಷ್ ಬಲ್ಲವರು ನೂರಕ್ಕೆ ಐದಕ್ಕಿಂತ ಕಡಿಮೆಯೋ ಆ ಕೋಮು ಹಿಂದುಳಿದದ್ದು. ಹೊಲ ಉಳೋಕೆ ಬರುತ್ತಾ, ಚಪ್ಪಲಿ ಹೊಲಿಯೋಕೆ ಬರುತ್ತಾ, ಕಂಬಳಿ ನೇಯೋಕೆ ಬರುತ್ತಾ ಅಂತ ಯಾರೂ ಕೇಳಲಿಲ್ಲ. ಇಂಗ್ಲಿಷ್ ಬರುತ್ತಾ ಅಂತ ಕೇಳಿದರು. ನಮ್ಮನ್ನು ಹೊರಗಿಟ್ಟ ಕೋಲೇ ನಾವು ಹೊರಗಿದ್ದೇವೆ ಅಂತ ಸಾಕ್ಷಿ ಹೇಳುವ ಕೋಲೂ ಆಯಿತು.

ಇದನ್ನು ಬರೀ ಬೈಯೋದಕ್ಕೆ ಹೇಳ್ತಾ ಇಲ್ಲ. ಎಣಿಸದೇ ಹೋಗಿದ್ದರೆ ಹೊರಗಿದ್ದೇವೆ ಅನ್ನೋದನ್ನು ಸಾಬೀತು ಮಾಡೋದೂ ಸಾಧ್ಯವಿರಲಿಲ್ಲ. 1961ರಲ್ಲಿ ವರದಿ ಕೊಟ್ಟ ನಾಗನಗೌಡ ಸಮಿತಿ ಹೈಸ್ಕೂಲಿನ ಕೊನೇ ಮೂರು ಕ್ಲಾಸುಗಳಲ್ಲಿ ಯಾವ ಜಾತಿಯ ಸಾವಿರ ಜನಕ್ಕೆ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಬಂತು. ಆ ಕಾಲದ ನೂರಕ್ಕೆ 68ರ ಮೀಸಲಾತಿಯನ್ನು 1962ರಲ್ಲಿ ಸುಪ್ರೀಂ ಕೋರ್ಟು ಬಾಲಾಜಿ ಮೊಕದ್ದಮೆಯಲ್ಲಿ ಹೊಡೆದುಹಾಕಿತು. ಆಮೇಲೆ ದೇವರಾಜ ಅರಸರ ಕಾಲಕ್ಕೆ ಹಾವನೂರು ಆಯೋಗ. 1972ರಲ್ಲಿ ನೇಮಕ, 1975ರಲ್ಲಿ ವರದಿ. ಎಲ್.ಜಿ. ಹಾವನೂರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೈಸ್ಕೂಲಿನಲ್ಲಿ ಕೂತರೆ ಸಾಲದು, 1972ರ ಎಸ್.ಎಸ್.ಎಲ್.ಸಿ.ಯಲ್ಲಿ ಯಾವ ಜಾತಿಯ ಸಾವಿರ ಜನಕ್ಕೆ ಎಷ್ಟು ಮಂದಿ ಪಾಸಾದರು ಅನ್ನೋದನ್ನೇ ಎಣಿಸಿದರು. ರಾಜ್ಯದ ಸರಾಸರಿ ಸಾವಿರಕ್ಕೆ 1.69. ಎರಡು ಮಂದಿಯೂ ಇಲ್ಲ! ಅದಕ್ಕಿಂತ ಕೆಳಗಿರುವ ಜಾತಿಗಳು ಹಿಂದುಳಿದವು ಅಂತಾಯಿತು. ಒಂದು ಪರೀಕ್ಷೆಯ ಮಾರ್ಕ್ಸ್ ಕಾರ್ಡು ಒಬ್ಬ ಹುಡುಗನ ಜಾಣತನಕ್ಕಲ್ಲ, ಇಡೀ ಸಮಾಜದ ಅನ್ಯಾಯಕ್ಕೆ ದಾಖಲೆಯಾಗಿ ನಿಂತಿದ್ದು ಇಲ್ಲೇ. ಹಾವನೂರರ ಆ ಲೆಕ್ಕವನ್ನು ನಾವು ಇವತ್ತಿಗೂ ದೊಡ್ಡದು ಅಂತಲೇ ತಿಳಿದಿದ್ದೇವೆ.

ಆದರೆ ಆ ಲೆಕ್ಕದಲ್ಲೂ ಒಂದು ಕಿಂಡಿ ಉಳಿಯಿತು. ಜಾತಿಗೆ ಕಾಲಂ ಇತ್ತು. ಜಾತಿಯೊಳಗೆ ಕಣ್ಣು ಕಾಣದ, ಕಿವಿ ಕೇಳದ ಮಗುವಿಗೆ, ಮನೆಯಲ್ಲಿ ಒಂದು ಮಾತು ಶಾಲೆಯಲ್ಲಿ ಇನ್ನೊಂದು ಮಾತು ಇರುವ ಮಗುವಿಗೆ ಕಾಲಂ ಇರಲಿಲ್ಲ.

ಮಾತಿನ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು, ಇಂಗ್ಲಿಷ್ ಕಲಿಯಿರಿ ಅಂದರು. ಅದಕ್ಕೆ ಎದ್ದ ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಬಿದ್ದ ಏಟು, ಅವರು ಮಂತ್ರಿ ಪದವಿ ಬಿಟ್ಟದ್ದು, ಅಲ್ಲಿಂದ ನಮ್ಮ ಚಳವಳಿ ಹುಟ್ಟಿದ್ದು, ಇದೆಲ್ಲ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರ ಹರಿಹರ ಆವಾಗ ನಮ್ಮ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವ ತನಕ ಅವರನ್ನು ನಮ್ಮ ಜಿಲ್ಲೆಯವರು ಅಂತ ಹೇಳಿಕೊಳ್ಳುತ್ತಿದ್ದೆವು. ಬಸವಲಿಂಗಪ್ಪನವರು ಹೇಳಿದ್ದು ನಿಜವೇ. ಇಂಗ್ಲಿಷ್ ಇಲ್ಲದವನಿಗೆ ಪೇಟೆಯ ಬಾಗಿಲು ಮುಚ್ಚಿತ್ತು. ಆದರೆ ಸರ್ಕಾರಿ ಶಾಲೆಯ ಮಗುವಿಗೆ ಆ ಇಂಗ್ಲಿಷನ್ನು ಕೊಟ್ಟವರು ಯಾರು? 2007ಕ್ಕೆ ಮುಂಚೆ ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ ಶುರು. ಆಗಿನಿಂದ ಹತ್ತರವರೆಗೆ ಆರು ವರ್ಷ. ಆಮೇಲೆ ಕಾನ್ವೆಂಟಿನ ಮಗುವಿನ ಪಕ್ಕದಲ್ಲೇ ಕೂರಿಸಿ ಇಂಗ್ಲಿಷ್ ಬರೆ ಅನ್ನೋದು. ಫೇಲಾದವನು ಊರಿಗೆ ವಾಪಸು ಬಂದು 'ಇಂಗ್ಲಿಷಲ್ಲಿ ಹೋಯ್ತು' ಅನ್ನೋನು. ನಮ್ಮ ಕೇರಿಗಳಲ್ಲಿ ಈ ಎರಡು ಪದದಲ್ಲಿ ಮುಗಿದ ಓದುಗಳು ಎಷ್ಟೋ.

1980ರಿಂದ 82ರವರೆಗೆ ಗೋಕಾಕ್ ಗದ್ದಲ. ಅದಕ್ಕೂ ಮುಂಚೆ 1979ರಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯ ಪಟ್ಟಿಯಿಂದ ತೆಗೆದ ಆದೇಶ. ಸಂಸ್ಕೃತ ತೆಗೆದುಕೊಂಡವರು ಸುಲಭದಲ್ಲಿ ಅಂಕ ಬಾಚುತ್ತಿದ್ದರು, ಕನ್ನಡ ತೆಗೆದುಕೊಂಡವರು ಹಿಂದೆ ಬೀಳುತ್ತಿದ್ದರು ಅನ್ನೋ ಸಿಟ್ಟು ನ್ಯಾಯವಾದದ್ದೇ. ಗೋಕಾಕ್ ಸಮಿತಿ ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ ಅಂದಿತು. ರಾಜಕುಮಾರ್ ಊರೂರು ತಿರುಗಿದರು, ಜನ ಸಾಗರದ ಹಾಗೆ ಬಂದರು, ನಮ್ಮಲ್ಲೂ ಎಷ್ಟೋ ಜನ ಹೋದೆವು. ಕನ್ನಡಕ್ಕೆ ಸಂಸ್ಕೃತದ ಜೊತೆ ಜಗಳ, ಇಂಗ್ಲಿಷ್ ಜೊತೆ ಜಗಳ, ಉರ್ದು ಮಂದಿಯ ಅಂಜಿಕೆ. ಇವುಗಳ ನಡುವೆ ಹೊಳಲ್ಕೆರೆ, ಹೊಸದುರ್ಗದ ಗುಡ್ಡದ ಬದಿಯ ತಾಂಡಾಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ನಾವೂ ನೋಡಲಿಲ್ಲ ಅನ್ನೋದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕನ್ನಡ ನಮ್ಮ ತಾಯಿಮಾತು ಅಂತ ಕೂಗುವಾಗ ಪಕ್ಕದ ತಾಂಡಾದ ಲಂಬಾಣಿ ಮಗುವಿಗೆ ಅದು ತಾಯಿಮಾತಲ್ಲ, ಶಾಲೆಯ ಮಾತು ಅನ್ನೋದು ನಮ್ಮ ತಲೆಗೂ ಹೊಳೆಯಲಿಲ್ಲ.

ಆ ಮಗು ಅವ್ವನನ್ನು ಯಾಡಿ ಅನ್ನುತ್ತೆ, ರೊಟ್ಟಿಯನ್ನು ಬಾಟಿ ಅನ್ನುತ್ತೆ, ನೀರನ್ನು ಪಾಣಿ ಅನ್ನುತ್ತೆ. ಆರು ವರ್ಷಕ್ಕೆ ಶಾಲೆಗೆ ಬಂದರೆ ಅ ಅಂದರೆ ಅರಸ, ಆ ಅಂದರೆ ಆನೆ. ಭೋವಿ ಹಟ್ಟಿಯ ಮಗುವಿನ ಮನೆಮಾತು ತೆಲುಗು, ಕೊರಚರ ಗುಡಿಸಿಲಿನಲ್ಲಿ ಇನ್ನೊಂದು. ಸಂವಿಧಾನಕ್ಕೆ 1956ರಲ್ಲೇ 350-ಎ ವಿಧಿ ಸೇರಿಸಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮನೆಮಾತಿನಲ್ಲಿ ಪಾಠ ಸಿಗಬೇಕು ಅಂತ ಬರೆದಿದ್ದಾರೆ. ಪುಸ್ತಕದಲ್ಲಿ ಅದು ಚೆನ್ನಾಗಿ ಕಾಣುತ್ತೆ. ಲಿಪಿಯಿಲ್ಲದ ಮಾತಿಗೆ ಪುಸ್ತಕ ಎಲ್ಲಿ, ಮೇಷ್ಟ್ರು ಎಲ್ಲಿ? ಇನ್ನು ಎಸ್.ಎಸ್.ಎಲ್.ಸಿ. ಲೆಕ್ಕ ನೋಡಿ. 2024ರ ಪರೀಕ್ಷೆಯನ್ನೇ ತೆಗೆದುಕೊಂಡರೆ ಒಟ್ಟು 625 ಅಂಕ. ಪ್ರಥಮ ಭಾಷೆ 125, ದ್ವಿತೀಯ 100, ತೃತೀಯ 100. ಅಂದರೆ 325 ಅಂಕ ಬರೀ ಭಾಷೆಗೆ, ಅರ್ಧಕ್ಕಿಂತ ಹೆಚ್ಚು. ತಾಂಡಾದ ಮಗು ಕನ್ನಡ, ಇಂಗ್ಲಿಷ್, ಹಿಂದಿ ಮೂರನ್ನೂ ಬರೆದರೆ ಆ ಮೂರರಲ್ಲಿ ಒಂದೂ ಅದರ ಮನೆಯದಲ್ಲ. ಇಷ್ಟಾದ ಮೇಲೂ ಮಾಧ್ಯಮವಾರು ಫಲಿತಾಂಶದ ಪಟ್ಟಿಯಲ್ಲಿ ಅದು 'ಕನ್ನಡ ಮಾಧ್ಯಮ'ದ ಮಗುವೇ. ಬೆಂಗಳೂರಿನ ಕನ್ನಡ ಮೇಷ್ಟ್ರ ಮಗನೂ ಅದೇ ಸಾಲಿನಲ್ಲಿ, ತಾಂಡಾದ ಹುಡುಗಿಯೂ ಅದೇ ಸಾಲಿನಲ್ಲಿ.

ಮಾತು ತಿಳಿಯದೇ ಸುಮ್ಮನೆ ಕೂತ ಮಗುವಿಗೆ ನಮ್ಮ ಶಾಲೆಗಳು ಕೊಟ್ಟ ಹೆಸರು 'ಮೊದ್ದು'. ಇದು ಬರೀ ಬೈಗುಳವಾಗಿದ್ದರೆ ಉಗಿದು ಸುಮ್ಮನಾಗಬಹುದಿತ್ತು. ಇದಕ್ಕೆ ವಿಜ್ಞಾನದ ಅಂಗಿ ತೊಡಿಸಿದ ಚರಿತ್ರೆಯೂ ಇದೆ. ಪ್ಯಾರಿಸ್ಸಿನ ಬಿನೆ 1905ರಲ್ಲಿ ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆ ಕಟ್ಟಿದ. ಹಿಂದೆ ಬಿದ್ದ ಮಕ್ಕಳಿಗೆ ಏನು ಸಹಾಯ ಬೇಕು ಅಂತ ತಿಳಿಯೋಕೆ ಅವನು ಅದನ್ನು ಮಾಡಿದ್ದು. ಅದು ಹಡಗು ಹತ್ತಿ ಅಮೆರಿಕಕ್ಕೆ ಹೋಗಿದ್ದೇ ತಡ, ಗೊಡ್ಡಾರ್ಡ್ ಎಂಬಾತ 1913ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಇಳಿದ ಬಡ ವಲಸಿಗರಿಗೆ ಆ ಪರೀಕ್ಷೆ ಮಾಡಿಸಿ, ಇವರಲ್ಲಿ ಬಹುಪಾಲು ಮಂದಬುದ್ಧಿಯವರು ಅಂತ ಬರೆದ. ಹಡಗಿನ ಕೆಳ ಅಂತಸ್ತಿನಲ್ಲಿ ಬಂದ ಜನ, ಭಾಷೆ ಗೊತ್ತಿಲ್ಲ, ಕೈಗೆ ಪೆನ್ಸಿಲು ಬಂದದ್ದೇ ಅವತ್ತು ಮೊದಲು! ನಮ್ಮ ಕಡೆ ವಿ.ವಿ. ಕಾಮತರು ಅದೇ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಅವರ ಪುಸ್ತಕ ಬಂದದ್ದು 1940ರಲ್ಲಿ. ಕಾಮತರ ಕೆಲಸ ದೊಡ್ಡದು, ಇಂಗ್ಲಿಷಿನ ಕೋಲನ್ನು ತೆಗೆದು ಕನ್ನಡದ ಕೋಲು ಮಾಡಿಕೊಟ್ಟರು. ಬುದ್ಧಿಮಾಂದ್ಯತೆಯ ಸರ್ಟಿಫಿಕೇಟು ಕೊಡುವಾಗ ಅವರ ಹೆಸರಿನ ಪರೀಕ್ಷೆಯನ್ನು ನಮ್ಮ ಕಾಲದವರೆಗೂ ಬಳಸುತ್ತಾ ಬಂದಿದ್ದಾರೆ. ಆದರೆ ತಾಂಡಾದ ಮಗುವನ್ನು ಕನ್ನಡದ ಪದಗಳಿಂದ ಅಳೆದರೆ ಸಿಗೋದು ಬುದ್ಧಿಯ ಅಳತೆಯೋ, ಕನ್ನಡದ ಅಳತೆಯೋ?

ಈ ಪ್ರಶ್ನೆಯನ್ನು ಕ್ಯಾಲಿಫೋರ್ನಿಯಾದಲ್ಲಿ ಹೊಲದ ಕೂಲಿಗಳ ಮಕ್ಕಳು ಕೋರ್ಟಿನಲ್ಲೇ ಕೇಳಿದರು. ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ಬುದ್ಧಿ ಪರೀಕ್ಷೆ ಮಾಡಿ, ಮಂದಬುದ್ಧಿಯವರ ಕ್ಲಾಸಿಗೆ ತಳ್ಳಿದ್ದರು. ಅವರ ಮಾತಿನಲ್ಲೇ ಮತ್ತೆ ಪರೀಕ್ಷೆ ಮಾಡಿದಾಗ ಬಹುತೇಕರಿಗೆ ಆ ಹಣೆಪಟ್ಟಿ ಸಲ್ಲುವುದಿಲ್ಲ ಅಂತ ಗೊತ್ತಾಯಿತು. 1970ರ ಡಯಾನಾ ಮೊಕದ್ದಮೆ ಅಂತ ಅದಕ್ಕೆ ಹೆಸರು. ಇನ್ನು ಮುಂದೆ ಮಗುವಿನ ಮನೆಮಾತಿನಲ್ಲೂ ಪರೀಕ್ಷೆ ಮಾಡಬೇಕು ಅಂತ ರಾಜಿಯಾಯಿತು. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಲಾವ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದು ಮಾತು ಒಪ್ಪಿತು: ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟರೆ, ಆ ಮಾತೇ ತಿಳಿಯದ ಮಗುವಿಗೆ ಅದು ಸಮಾನತೆ ಆಗೋದಿಲ್ಲ.

ಇನ್ನು ಅಂಗವಿಕಲ ಮಕ್ಕಳು. ಸರ್ಕಾರ ಇವರ ಹೆಸರನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಾಯಿಸುತ್ತೆ: ಅಂಗವಿಕಲ, ವಿಕಲಚೇತನ, ವಿಶೇಷಚೇತನ. ನಮ್ಮನ್ನೂ ಪಂಚಮ, ಆದಿಕರ್ನಾಟಕ, ಹರಿಜನ ಅಂತ ಕರೆಯುತ್ತಾ ಬಂದವರೇ ಅಲ್ಲವೇ. ಹೆಸರು ಬದಲಾಯಿಸೋಕೆ ಒಂದು ಸುತ್ತೋಲೆ ಸಾಕು, ಶಾಲೆಯ ಬಾಗಿಲಿಗೆ ಇಳಿಜಾರು ಕಟ್ಟೋಕೆ ಸಿಮೆಂಟು ಬೇಕು. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಕುರುಡ, ಕಿವುಡ ಮಕ್ಕಳ ಶಾಲೆ ಶುರುವಾಗಿತ್ತು. ದುರ್ಗದ ಸೀಮೆಯ ಕೂಲಿಯವನ ಮಗುವಿಗೆ ಮೈಸೂರು ಅಂದರೆ ಕಾಶಿ ಇದ್ದ ಹಾಗೆ. ಕಿವುಡ ಮಗು ದನ ಕಾಯಿತು, ಕುರುಡ ಮಗು ಮನೆ ಕಾಯಿತು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಾಗಲಿ ಎಸ್.ಎಸ್.ಎಲ್.ಸಿ.ಯಾಗಲಿ ಇವರನ್ನು ಫೇಲು ಮಾಡಲೂ ಇಲ್ಲ, ಫೇಲಾಗೋಕೂ ಕೂರಬೇಕಲ್ಲ.

1995ರ ಅಂಗವಿಕಲರ ಕಾಯ್ದೆ ಮೊದಲ ಬಾರಿಗೆ ಹೇಳಿತು: ಕಣ್ಣು ಕಾಣದ ವಿದ್ಯಾರ್ಥಿಗೆ ಬರೆದುಕೊಡುವ ಲಿಪಿಕಾರನನ್ನು ಶಿಕ್ಷಣ ಸಂಸ್ಥೆಯೇ ಒದಗಿಸಬೇಕು, ಕಿವಿ ಕೇಳದ ಮಕ್ಕಳು ಒಂದೇ ಭಾಷೆ ಓದುವ ಹಾಗೆ ಪಠ್ಯ ಹೊಂದಿಸಬೇಕು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿತು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಲಿಪಿಕಾರ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ 17ನೇ ಸೆಕ್ಷನ್ನಿನಲ್ಲೇ ಇದೆ. ಗಂಟೆಗೆ 20 ನಿಮಿಷ ಹೆಚ್ಚು ಅಂತ 2018ರ ಕೇಂದ್ರದ ಮಾರ್ಗಸೂಚಿ ಹೇಳಿತು. ಮೂರು ಗಂಟೆಯ ಪೇಪರಿಗೆ ನಾಲ್ಕು ಗಂಟೆ. ನೂರಕ್ಕೆ ನಲವತ್ತು ಅಂಗವೈಕಲ್ಯ ಇದ್ದರೆ ಮಾತ್ರ ಲಿಪಿಕಾರ ಅಂತ ಅಧಿಕಾರಿಗಳು ಹಟ ಹಿಡಿದಿದ್ದರು. ಬರೆಯುವಾಗ ಕೈ ಸೆಟೆದುಕೊಳ್ಳುವ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ಸುಪ್ರೀಂ ಕೋರ್ಟಿಗೆ ಹೋಗಿ 2021ರ ಫೆಬ್ರವರಿ 11ರಂದು ಗೆದ್ದರು. ಆ ನಲವತ್ತರ ಗೆರೆ ಲಿಪಿಕಾರನಿಗೆ ಅನ್ವಯಿಸೋದಿಲ್ಲ ಅಂತ ತೀರ್ಪಾಯಿತು. ಗ್ರಾಮೀಣ ಮೇಷ್ಟ್ರುಗಳು ಈ ತಾರೀಖನ್ನು ಗುರುತು ಹಾಕಿಕೊಳ್ಳಬೇಕು. ಬಿ.ಇ.ಓ. ಆಫೀಸಿನಲ್ಲಿ ವಾದ ಮಾಡೋಕೆ ಬೇಕಾಗುತ್ತೆ.

ಕಾನೂನು ಹೀಗಿದ್ದರೂ ಕೊಠಡಿಯೊಳಗೆ ಏನಾಗುತ್ತೆ? ಹಿರಿಯೂರಿನ ಕಡೆ ಒಬ್ಬ ಹುಡುಗ, ಕಣ್ಣು ಮಬ್ಬು. ಅವನ ಲಿಪಿಕಾರನನ್ನು ಅವರಪ್ಪನೇ ಹುಡುಕಬೇಕಾಯಿತು. ಲಿಪಿಕಾರ ಒಂದು ಮೆಟ್ಟಿಲು ಕೆಳಗಿನ ಓದಿನವನಾಗಿರಬೇಕು ಅನ್ನೋದು ನಿಯಮ, ಹಾಗಾಗಿ ಪಕ್ಕದ ಊರಿನ ಒಂಬತ್ತನೇ ಕ್ಲಾಸಿನ ಹುಡುಗ ಸಿಕ್ಕ. ಅವನ ಬಸ್ ಚಾರ್ಜು, ಮಧ್ಯಾಹ್ನದ ಊಟ, ಅವರಪ್ಪನ ಎದುರು ಕೈ ಕಟ್ಟಿ ನಿಲ್ಲೋದು, ಎಲ್ಲ ಈ ಕೂಲಿಯವನದೇ. ಆರು ಪೇಪರಿಗೆ ಆರು ದಿನದ ಕೂಲಿ ಹೋಯಿತು. ಗಣಿತದ ದಿನ ನಮ್ಮ ಹುಡುಗ ಬಾಯಲ್ಲಿ ಪ್ರಮೇಯ ಹೇಳುತ್ತಾನೆ, ಬರೆಯುವವನಿಗೆ ಆ ಪಾಠವೇ ಆಗಿಲ್ಲ. 'ಎಬಿಗೆ ಸಮಾಂತರ ಎಳಿಯೋ' ಅಂದರೆ 'ಎಲ್ಲಿಂದ ಎಳೀಲಣ್ಣ?' ಅಂತಾನೆ. ಜೋರಾಗಿ ಮಾತಾಡಬೇಡಿ ಅಂತ ಮೇಲ್ವಿಚಾರಕರು ಗದರಿದರು. ಅಂಗವಿಕಲರಿಗೆ ಗಣಿತದ ಬದಲು ಸಮಾಜಶಾಸ್ತ್ರ, ವಿಜ್ಞಾನದ ಬದಲು ರಾಜ್ಯಶಾಸ್ತ್ರ ತೆಗೆದುಕೊಳ್ಳೋ ಅವಕಾಶವೂ ಎಸ್.ಎಸ್.ಎಲ್.ಸಿ.ಯಲ್ಲಿದೆ, ವೇಳಾಪಟ್ಟಿಯಲ್ಲಿ ಅಚ್ಚಾಗಿಯೇ ಬರುತ್ತೆ. ಹಳ್ಳಿ ಹೈಸ್ಕೂಲಿನಲ್ಲಿ ಆ ವಿಷಯಕ್ಕೆಂದೇ ಒಬ್ಬ ಮೇಷ್ಟ್ರಿಲ್ಲ. ತೆಗೆದುಕೊಂಡ ಮಗು ತಾನೇ ಓದಿಕೊಳ್ಳಬೇಕು. ಅಲ್ಲದೆ ಹದಿನೈದು ವರ್ಷಕ್ಕೆ ಗಣಿತ, ವಿಜ್ಞಾನ ಬಿಟ್ಟ ಮಗುವಿಗೆ ಮುಂದೆ ಸೈನ್ಸಿನ ಬಾಗಿಲು ಮುಚ್ಚಿದ ಹಾಗೇ.

ಈ ವಿನಾಯಿತಿ ಅನ್ನೋದರ ಬಗ್ಗೆ ನಮ್ಮೊಳಗೇ ಜಗಳ ಆಗಿದೆ. ಕಿವುಡ ಮಗುವಿಗೆ ಇಂಗ್ಲಿಷ್ ಬೇಡ ಅಂದರೆ ಅದು ಕರುಣೆಯೋ, ಬಸವಲಿಂಗಪ್ಪನವರು ತೆರೆಯಿರಿ ಅಂದ ಬಾಗಿಲನ್ನು ಮತ್ತೆ ಮುಚ್ಚೋದೋ? ಒಬ್ಬ ಗೆಳೆಯರು 'ಮೂರು ಭಾಷೆ ಹೇರೋದು ಹಿಂಸೆ, ಕಾಯ್ದೆ ಕೊಟ್ಟಿದ್ದನ್ನು ತಗೊಳ್ಳಿ' ಅಂದರು. ಇನ್ನೊಬ್ಬರು 'ನಾಳೆ ಮೊಬೈಲಿನಲ್ಲಿ ಬದುಕಬೇಕಾದ ಕಿವುಡ ಹುಡುಗನಿಗೆ ಓದೋ ಇಂಗ್ಲಿಷೇ ಕಿವಿ' ಅಂದರು. ಇಬ್ಬರ ಮಾತೂ ತೆಗೆದುಹಾಕುವಂಥದ್ದಲ್ಲ. ಆರಿಸೋದು ಮಗು ಮತ್ತು ಮನೆಯವರು ಆಗಿರಬೇಕು, ಹೆಡ್‌ಮಾಸ್ಟರ ಶೇಕಡಾವಾರು ಅಲ್ಲ ಅನ್ನೋದರಲ್ಲಿ ಮಾತ್ರ ನಮ್ಮಲ್ಲಿ ಒಮ್ಮತ ಇದೆ.

ಇಷ್ಟರ ಮಧ್ಯೆ ಸರ್ಕಾರಕ್ಕೆ ಇನ್ನೂ ಹೆಚ್ಚು ಅಳೆಯೋ ಚಪಲ ಬಂತು. 2022ರ ಡಿಸೆಂಬರಿನಲ್ಲಿ ಐದು ಮತ್ತು ಎಂಟನೇ ಕ್ಲಾಸಿಗೆ ಬೋರ್ಡಿನ ಪರೀಕ್ಷೆ ಅಂತ ಆದೇಶ ಹೊರಟಿತು. ಎಲಿಮೆಂಟರಿ ಓದು ಮುಗಿಯೋ ತನಕ ಯಾವ ಬೋರ್ಡ್ ಪರೀಕ್ಷೆಯೂ ಕಡ್ಡಾಯವಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತೆ. 2019ರ ತಿದ್ದುಪಡಿ ಐದು, ಎಂಟರಲ್ಲಿ ಪರೀಕ್ಷೆಗೆ ಬಾಗಿಲು ತೆರೆಯಿತು. ಹೈಕೋರ್ಟಿನ ಏಕಸದಸ್ಯ ಪೀಠ 2023ರ ಮಾರ್ಚಿನಲ್ಲಿ ಆದೇಶ ರದ್ದು ಮಾಡಿತು, ವಿಭಾಗೀಯ ಪೀಠ ನಡೆಸಿ ಅಂದಿತು. ಮಾರನೇ ವರ್ಷ ಒಂಬತ್ತು, ಹನ್ನೊಂದೂ ಸೇರಿಕೊಂಡವು. 2024ರ ಮಾರ್ಚ್ 6ಕ್ಕೆ ರದ್ದು, 7ಕ್ಕೆ ತಡೆ, 11ಕ್ಕೆ ಪರೀಕ್ಷೆ ಶುರು, 12ಕ್ಕೆ ಸುಪ್ರೀಂ ಕೋರ್ಟು ನಿಲ್ಲಿಸಿತು, 22ಕ್ಕೆ ಹೈಕೋರ್ಟು ಸರಿ ಅಂದಿತು, ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಟ್ಟಿತು. ಹತ್ತು ವರ್ಷದ ಮಗು ಬೆಳಿಗ್ಗೆ ಎದ್ದು 'ಇವತ್ತು ಪರೀಕ್ಷೆ ಐತಾ, ಇಲ್ವಾ?' ಅಂತ ಕೇಳುವ ಹಾಗಾಯಿತು. ನಾವು ಹೋದ ತಾಂಡಾದಲ್ಲಿ ಐದನೇ ಕ್ಲಾಸಿನ ಹುಡುಗ ಕೇಳಿದ್ದು ಕನ್ನಡದಲ್ಲೂ ಅಲ್ಲ.

ಪರೀಕ್ಷೆಯೇ ಬೇಡ ಅನ್ನೋ ಗುಂಪಿಗೆ ನಾವು ಸೇರಿದವರಲ್ಲ. ಜಿಲ್ಲೆಯ ಜನರಲ್ಲಿ 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿ ನೂರಕ್ಕೆ 23.45, ಪರಿಶಿಷ್ಟ ಪಂಗಡ 18.23. ನೂರಕ್ಕೆ ನಲವತ್ತೊಂದಕ್ಕೂ ಹೆಚ್ಚು ನಾವೇ. ಎಣಿಸದೇ ಬಿಟ್ಟರೆ ಯಾರಿಗೆ ಅನುಕೂಲ? ಅಮೆರಿಕದಲ್ಲೂ ಹೀಗೇ ಅಂಗವಿಕಲ ಮಕ್ಕಳನ್ನು, ಇಂಗ್ಲಿಷ್ ಕಲಿಯುತ್ತಿರುವ ವಲಸೆಯ ಮಕ್ಕಳನ್ನು ಪರೀಕ್ಷೆಯ ದಿನ ಮನೆಯಲ್ಲಿರಿ ಅನ್ನುವ ರೂಢಿ ಇತ್ತು. 1997ರ ಕಾಯ್ದೆ ಅಂಗವಿಕಲ ಮಕ್ಕಳನ್ನು ರಾಜ್ಯದ ಪರೀಕ್ಷೆಗೆ ಸೇರಿಸಲೇಬೇಕು ಅಂದಿತು. 2002ರಲ್ಲಿ ಜಾರಿಗೆ ಬಂದ ಇನ್ನೊಂದು ಕಾಯ್ದೆ, ಅಂಗವಿಕಲರು, ಇಂಗ್ಲಿಷ್ ಕಲಿಯುವವರು, ಕರಿಯರು, ಬಡವರು, ಪ್ರತಿ ಗುಂಪಿನಲ್ಲೂ ನೂರಕ್ಕೆ 95 ಮಕ್ಕಳು ಕೂರಬೇಕು, ಪ್ರತಿ ಗುಂಪಿನ ಫಲಿತಾಂಶವನ್ನೂ ಬೇರೆ ಬೇರೆಯಾಗಿ ಪ್ರಕಟಿಸಬೇಕು ಅಂತ ಕಟ್ಟು ಮಾಡಿತು. ಬಹಳ ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ ಬೇರೆ ಪರೀಕ್ಷೆ ಇರಬಹುದು, ಆದರೆ ಅದು ಒಟ್ಟು ಮಕ್ಕಳಲ್ಲಿ ನೂರಕ್ಕೆ ಒಂದನ್ನು ಮೀರಕೂಡದು ಅಂತ 2015ರ ಕಾಯ್ದೆ ಬೇಲಿ ಹಾಕಿತು. ಬಚ್ಚಿಟ್ಟ ಮಕ್ಕಳು ಲೆಕ್ಕಕ್ಕೆ ಬಂದರು. ಅದರ ಜೊತೆಗೇ ಅಂಕ ಕಡಿಮೆ ಬಂದ ಶಾಲೆಗೆ ದಂಡನೆಯೂ ಬಂತು, ಆ ದಂಡನೆ ಮತ್ತೆ ಬಡವರ ಶಾಲೆಯ ಮೇಲೇ ಬಿತ್ತು. ಅಲ್ಲಿಂದ ಎಣಿಕೆಯನ್ನು ತರೋಣ, ದಂಡನೆಯನ್ನು ಅಲ್ಲೇ ಬಿಟ್ಟು ಬರೋಣ ಅನ್ನೋದು ನಮ್ಮ ಅಭಿಪ್ರಾಯ.

ನಮ್ಮ ಜಿಲ್ಲೆಗೆ ಮತ್ತೆ ರ‍್ಯಾಂಕು ಬಂದರೆ ಬರಲಿ. ಆದರೆ ಆ ಶೇಕಡಾವಾರಿನ ಪಕ್ಕದಲ್ಲೇ ಒಂಬತ್ತನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಮಂದಿ ನಾಮಿನಲ್ ರೋಲಿಗೆ ಬಂದರು, ತಾಂಡಾದವರೆಷ್ಟು, ಹಟ್ಟಿಯವರೆಷ್ಟು, ಲಿಪಿಕಾರ ಕೇಳಿದವರೆಷ್ಟು, ಸಿಕ್ಕಿದ್ದು ಎಷ್ಟು ಮಂದಿಗೆ ಅಂತಲೂ ಬರೆಯಲಿ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗದ ಮೇಷ್ಟ್ರುಗಳು ಮನಸ್ಸು ಮಾಡಿದರೆ ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಹಾಜರಿ ಪುಸ್ತಕ ಅವರ ಮೇಜಿನ ಮೇಲೇ ಇದೆ.

ಆ ಹೊಸದುರ್ಗದ ಹುಡುಗಿಯ ವಿಚಾರ ಹೇಳಿ ಬಿಡುತ್ತೇವೆ. ನಾವು ನಾಲ್ಕು ಜನ, ಆಕೆಯ ತಾಯಿ, ಊರಿನ ಇಬ್ಬರು ಹೆಂಗಸರು ಹೋಗಿ ಕೂತ ಮೇಲೆ ಹೆಸರು ನಾಮಿನಲ್ ರೋಲಿಗೆ ಸೇರಿತು. ಕಿವಿಯ ಸರ್ಟಿಫಿಕೇಟಿಗೆ ಜಿಲ್ಲಾಸ್ಪತ್ರೆಗೆ ಮೂರು ಸಲ ಅಲೆದಾಟವಾಯಿತು. ಕನ್ನಡ ಒಂದೇ ಭಾಷೆ ಇಟ್ಟುಕೊಂಡು ಪರೀಕ್ಷೆ ಕಟ್ಟಿದಳು. ಕನ್ನಡದಲ್ಲಿ, ಸಮಾಜ ವಿಜ್ಞಾನದಲ್ಲಿ ಪಾಸು, ವಿಜ್ಞಾನದಲ್ಲಿ ಅಂಚಿನ ಮೇಲೆ ಪಾಸು, ಗಣಿತದಲ್ಲಿ ಹೋಯಿತು. ಎರಡನೇ ಪರೀಕ್ಷೆಗೆ ಫೀಸು ಕಟ್ಟಿದ್ದಾಳೆ. ಆ ಒಂದು ಹೆಸರಿನಿಂದ ತಮ್ಮ ಶಾಲೆಯ ಫಲಿತಾಂಶ ಎಷ್ಟು ಇಳಿಯಿತು ಅಂತ ಹೆಡ್‌ಮಾಸ್ಟರು ಒಂದು ಚೀಟಿಯ ಮೇಲೆ ಭಾಗಾಕಾರ ಹಾಕಿ ತೋರಿಸಿದರು. ಆ ಚೀಟಿಯನ್ನು ನಾವು ಈಸಿಕೊಂಡು ಬಂದು ಇಟ್ಟುಕೊಂಡಿದ್ದೇವೆ.